ಹಗೂರ ಸೈಕಲ್

ಕಾಲುವೆ ಕ್ಯಾಂಪ್, ಶಹಾಪುರ ತಾಲೂಕು
೬ ಜನವರಿ ೨೦೨೫

ಚಿರಂಜೀವಿ ಬುದ್ಧಪ್ರಿಯನಿಗೆ ನಿನ್ನ ಅವ್ವನನ್ನು ಹೆತ್ತ ಆಯಿ ಬಾಲಮ್ಮ ಮಾಡುವ ಜೈಭೀಮ.

ನೀನು ಆರಾಮಾಗಿದ್ದೀಯಾ? ನಿನ್ನ ಅಂಗಡಿ ಮಾಲೀಕ ಖಾಜಾಹುಸೇನ ಸಾಹೇಬರ ಮೊಣಕಾಲು ಹೇಗಿದೆ? ನಿನ್ನ ಡಬ್ಬಿಗೆ ದಿನಾ ಎರಡು ರೊಟ್ಟಿ ಹೆಚ್ಚಿಗೆ ಹಾಕುವ ಇಮಾಮಬೀ ಆರಾಮಿದ್ದಾರಾ? ಅವರ ಹೊಟ್ಟೆ ತಣ್ಣಗಿರಲಿ. ಇಲ್ಲಿ ನಾನು, ನಿನ್ನ ತಂಗಿ ಪಂಚಶೀಲಾ, ನಿನ್ನ ಅವ್ವ ಸುಮಂಗಲಾ ಮೂವರೂ ಇದ್ದೇವೆ. ಚಳಿಗೆ ಸುಮಂಗಲಾನ ಕಾಲು ಬಿಗಿಯುತ್ತದೆ, ಹೊಲಿಗೆ ಮಷೀನನ್ನು ಒಂದೇ ಕಾಲಲ್ಲಿ ತುಳಿಯುತ್ತಾಳೆ. ಆಡು ಎರಡು ಮರಿ ಹಾಕಿದೆ.

ಫೋನು ಇರುವಾಗ ಕಾಗದ ಯಾಕೆ ಅಂತ ಕೇಳಬೇಡ. ನನ್ನ ಕಿವಿ ಹೋಗಿದೆ. ಹೋಗದಿದ್ದರೂ ಫೋನಿನಲ್ಲಿ ನೀನು ‘ಹಾಂ’, ‘ಹೂಂ’ ಎರಡೇ ಅಕ್ಷರ ಮಾತಾಡುವವನು. ಕಾಗದದಲ್ಲಾದರೆ ನಾಲ್ಕು ಸಾಲು ಬರೆಯಲೇಬೇಕಾಗುತ್ತದೆ.

ವಿಷಯ ಇದು. ಪಂಚಶೀಲಾ ಭೀಮರಾಯನಗುಡಿಯಲ್ಲಿ ಬೀಜ ಪರೀಕ್ಷೆ ಮಾಡುವ ಆಫೀಸಿಗೆ ಹೋಗುತ್ತಾಳಲ್ಲ, ಅಲ್ಲಿ ಹೆಬ್ಬೆರಳು ಒತ್ತುವ ಮಷೀನ್ ಕೂರಿಸಿದ್ದಾರೆ. ಒಂಬತ್ತೂವರೆ ದಾಟಿ ಒತ್ತಿದರೆ ಅದು ಕೆಂಪು ದೀಪ ತೋರಿಸಿ ಕೂಗುತ್ತದಂತೆ. ವರ್ಷದಲ್ಲಿ ಹದಿನೈದು ಸಲ ಕೂಗಿದರೆ ಮುಂದಿನ ವರ್ಷದ ಆರ್ಡರ್ ಸಿಗುವುದಿಲ್ಲ. ಇವಳ ಕೆಲಸ ಕಾಯಂ ಅಲ್ಲ, ವರ್ಷ ವರ್ಷ ಆರ್ಡರ್ ಆಗಬೇಕು. ಈಗಾಗಲೇ ಒಂಬತ್ತು ಸಲ ಕೂಗಿದೆ. ಮಾರ್ಚ್ ಮೂವತ್ತೊಂದಕ್ಕೆ ಲೆಕ್ಕ ಮುಗಿಯುತ್ತದೆ.

ಐದು ನಿಮಿಷ ಮೊದಲೇ ಹೊರಡಬಾರದಾ ಅಂತೀಯ. ನಲ್ಲಿ ಎಂಟಕ್ಕೆ ಬರುತ್ತದೆ, ಎಂಟೂ ಮುಕ್ಕಾಲಿಗೆ ನಿಲ್ಲುತ್ತದೆ. ಸುಮಂಗಲಾ ಕೊಡ ಎತ್ತುವಂತಿಲ್ಲ, ನನ್ನ ಕೈಯಲ್ಲಿ ಬಲವಿಲ್ಲ. ಎಲ್ಲ ತುಂಬಿಸಿಟ್ಟು ಎಂಟೂ ಐವತ್ಮೂರಕ್ಕೆ ಓಡುತ್ತಾಳೆ. ಕಾಲುವೆ ದಂಡೆಯ ಮೇಲೆ ಏಳು ಕಿಲೋಮೀಟರ್. ಒಂದು ದಿನ ಎರಡು ನಿಮಿಷ ಮೊದಲು ಮುಟ್ಟುತ್ತಾಳೆ, ಒಂದು ದಿನ ಒಂದು ನಿಮಿಷ ತಡ. ಸೈಕಲ್ ಅದೇ ನಿನ್ನ ತಾತ ಅಯ್ಯಪ್ಪನದು, ಕಬ್ಬಿಣದ ಕೋಣ.

ಅದಕ್ಕೇ ಬರೆಯುತ್ತಿದ್ದೇನೆ. ನೀನು ಸೈಕಲ್ ಅಂಗಡಿಯಲ್ಲೇ ಇರುವವನು. ನಿನ್ನ ತಂಗಿಗೆ ಒಂದು ಹಗೂರ ಸೈಕಲ್ ನೋಡಿ ಕಳಿಸು.

ನಿನ್ನ ಆಯಿ,
ಬಾಲಮ್ಮ


ಯಾದಗಿರಿ
೧೫ ಜನವರಿ ೨೦೨೫

ಆಯಿಗೆ ಬುದ್ಧಪ್ರಿಯನ ಜೈಭೀಮ.

ನಾನು ಆರಾಮ. ಸಾಹೇಬರ ಮೊಣಕಾಲು ಹಾಗೇ ಇದೆ, ಇಮಾಮಬೀ ರೊಟ್ಟಿ ಈಗ ಮೂರು ಮಾಡಿದ್ದಾರೆ. ನಿನ್ನ ಕಿವಿ, ಪಂಚಶೀಲಾನ ಕೆಮ್ಮು ಹೇಗಿವೆ? ಆಡಿನ ಮರಿಗಳಿಗೆ ಚಳಿ ತಾಗದಂತೆ ಗೋಣಿ ಹಾಸು.

ಕಾಗದದ ಒಂದು ಶಬ್ದವನ್ನು ಮೂರು ಸಲ ಓದಿದೆ. ಏನು ಮನಸ್ಸಿನಲ್ಲಿಟ್ಟು ಬರೆದೆಯೋ ತಿಳಿಯಲಿಲ್ಲ. ತೂಕದ ಮಾತು ಅಂತಲೇ ತಿಳಿದುಕೊಂಡಿದ್ದೇನೆ. ಒಂದು ಸೈಕಲನ್ನು ನಾನೇ ಜೋಡಿಸಿದ್ದೇನೆ, ಅಲ್ಯೂಮಿನಿಯಂ ಮೈ. ಭಾನುವಾರ ಸುರಪುರ ಬಸ್ಸಿನ ಮೇಲೆ ಹಾಕಿ ಕಳಿಸುತ್ತೇನೆ, ಭೀಮರಾಯನಗುಡಿ ಸ್ಟಾಪಿನಲ್ಲಿ ಇಳಿಸಿಕೊಳ್ಳಲು ಪಂಚಶೀಲಾಗೆ ಹೇಳು.

ಕ್ಯಾರಿಯರ್ ಹಾಕಿಲ್ಲ. ಹಾಕಿದರೆ ತೂಕ ಬರುತ್ತದೆ.

ಬುದ್ಧಪ್ರಿಯ


ಕಾಲುವೆ ಕ್ಯಾಂಪ್
೨೭ ಜನವರಿ ೨೦೨೫

ಚಿರಂಜೀವಿ ಬುದ್ಧಪ್ರಿಯನಿಗೆ ಆಯಿಯ ಜೈಭೀಮ.

ಸೈಕಲ್ ಮುಟ್ಟಿತು. ಬಸ್ಸಿನ ಮೇಲಿಂದ ಪಂಚಶೀಲಾ ಒಬ್ಬಳೇ ಇಳಿಸಿಕೊಂಡಳಂತೆ, ಕಂಡಕ್ಟರ್ ನೋಡಿ “ಏನವ್ವ, ಸೈಕಲ್ಲೋ ಸೈಕಲ್ಲಿನ ಎಲುಬೋ?” ಅಂದನಂತೆ. ಆಕಾಶದ ಬಣ್ಣ, ಚೆಂದ ಇದೆ. ನಾನೂ ಒಂದು ಕೈಯಲ್ಲಿ ಎತ್ತಿ ನೋಡಿದೆ, ಎದ್ದಿತು. ಸುಮಂಗಲಾ ಹೊಲಿಗೆ ಬಿಟ್ಟು ಎದ್ದು ಬಂದು ಹಿಂದಿನ ಗಾಲಿಯ ಮೇಲೆ ಖಾಲಿ ಇದ್ದ ಜಾಗಕ್ಕೆ ಕೈ ಆಡಿಸಿದಳು. ಒಳಗೆ ಹೋಗಿ ಮತ್ತೆ ಮಷೀನ್ ತುಳಿದಳು.

ನೀನು ಮೂರು ಸಲ ಓದಿದ ಶಬ್ದ ಯಾವುದು ಅಂತ ನಾನೂ ನನ್ನ ಕಾಗದವನ್ನು ಮನಸ್ಸಿನಲ್ಲಿ ತಿರುವಿ ತಿರುವಿ ನೋಡಿದೆ. ಗೊತ್ತಾಗಲಿಲ್ಲ. ನನ್ನ ಅಕ್ಷರ ಕೆಟ್ಟದ್ದಿದ್ದರೆ ಹೇಳು. ನಾನು ಶಾಲೆಗೆ ಹೋದವಳಲ್ಲ. ನಿನ್ನ ತಾತ ಕಾಲುವೆಯ ಗೇಜ್ ರೀಡರ್, ನೀರು ಎಷ್ಟು ಅಡಿ ಇದೆ ಅಂತ ದಿನಕ್ಕೆ ಮೂರು ಸಲ ನೋಡಿ ರಿಜಿಸ್ಟರಿಗೆ ಬರೆಯಬೇಕು. ಅವನ ಕಣ್ಣಿಗೆ ಪೊರೆ ಬಂದ ಮೇಲೆ ನಾನೇ ಕೋಲು ನೋಡಿ ನಾನೇ ಬರೆದೆ. ಅಂಕಿ ಮೊದಲು ಬಂತು, ಅಕ್ಷರ ಆಮೇಲೆ ಬಂದವು. ಅದಕ್ಕೇ ನನಗೆ ಇಂದಿಗೂ ಅಂಕಿಯ ಮೇಲೆಯೇ ಹೆಚ್ಚು ನಂಬಿಕೆ.

ಅಂಕಿಯ ಮಾತೇ ಹೇಳುತ್ತೇನೆ ಕೇಳು. ಪಂಚಶೀಲಾ ಎರಡೂ ಸೈಕಲ್ಲುಗಳನ್ನು ಆಫೀಸಿನ ಬೀಜದ ಚೀಲ ತೂಗುವ ಕಾಟಾದ ಮೇಲೆ ನಿಲ್ಲಿಸಿ ತೂಗಿದಳು. ಹಳೆಯದು ಇಪ್ಪತ್ಮೂರು ಕಿಲೋ, ಹೊಸದು ಹದಿಮೂರು. ಹತ್ತು ಕಿಲೋ ಕಡಿಮೆ! ಅಂದರೆ ಒಂದು ಸಣ್ಣ ಕೊಡ ನೀರನ್ನು ತಲೆಯ ಮೇಲಿಂದ ಇಳಿಸಿದಂತೆ. ಇನ್ನು ಇವಳು ಹತ್ತು ನಿಮಿಷ ಮೊದಲೇ ಹೋಗಿ ಬಾಗಿಲು ತೆಗೆಯುವವನನ್ನು ಎಬ್ಬಿಸುತ್ತಾಳೆ ಅಂದುಕೊಂಡೆ.

ಮೊದಲ ದಿನ ಮೂವತ್ತಾರು ನಿಮಿಷ. ಎರಡನೆಯ ದಿನ ಮೂವತ್ತೇಳು. ಹಳೆಯದರಲ್ಲೂ ಅಷ್ಟೇ ಆಗುತ್ತಿತ್ತಲ್ಲ?

ನನಗೆ ತಲೆ ತಿರುಗಿತು. ಬಹುಶಃ ಹೊಸದು ರೂಢಿಯಾಗಬೇಕೇನೋ. ಹಾಗಾಗಿ ಒಂದು ರಿಜಿಸ್ಟರ್ ಮಾಡಿದ್ದೇನೆ. ತಾರೀಖು ಸರಿಸಂಖ್ಯೆ ಇದ್ದ ದಿನ ಹಳೆಯ ಸೈಕಲ್, ಬೆಸ ಇದ್ದ ದಿನ ಹೊಸದು. ಹೊರಟ ಟೈಮ್ ನಾನು ಬರೆಯುತ್ತೇನೆ, ಮುಟ್ಟಿದ ಟೈಮ್ ಹೆಬ್ಬೆರಳಿನ ಮಷೀನ್ ಹೇಳುತ್ತದೆ. ಪಂಚಶೀಲಾ ನಕ್ಕು “ಆಯಿ, ಇಬ್ಬರು ಸೊಸೆಂದಿರಿಗಿ ಪಾಳಿ ಹಚ್ಚಿದಂಗ ಆತಲ್ಲ” ಅಂದಳು. ನಗಲಿ. ನೀರಾಗಲಿ ನಿಮಿಷವಾಗಲಿ, ಬರೆಯದೆ ಸೋರಿಕೆ ಸಿಗುವುದಿಲ್ಲ.

ನಿನ್ನ ಕಾಗದದಲ್ಲಿ ನನ್ನ ಕಿವಿಯನ್ನು ಕೇಳಿದ್ದೀಯ, ತಂಗಿಯ ಕೆಮ್ಮನ್ನು ಕೇಳಿದ್ದೀಯ, ಆಡಿನ ಮರಿಯನ್ನೂ ಕೇಳಿದ್ದೀಯ. ಈ ಮನೆಯಲ್ಲಿ ಇನ್ನೂ ಒಂದು ಜೀವ ಇದೆ.

ಆಯಿ,
ಬಾಲಮ್ಮ


ಕಾಲುವೆ ಕ್ಯಾಂಪ್
೧೯ ಫೆಬ್ರವರಿ ೨೦೨೫

ಚಿರಂಜೀವಿ ಬುದ್ಧಪ್ರಿಯನಿಗೆ ಆಯಿಯ ಜೈಭೀಮ.

ಹಿಂದಿನ ಕಾಗದಕ್ಕೆ ಉತ್ತರ ಬರಲಿಲ್ಲ. ಕೊನೆಯ ಸಾಲು ಬರೆಯಬಾರದಿತ್ತೇನೋ. ಬರೆದಾಗಿದೆ, ಅಳಿಸಲು ಬರುವುದಿಲ್ಲ.

ರಿಜಿಸ್ಟರ್ ತೆಗೆದು ಕುಳಿತಿದ್ದೇನೆ. ಹಳೆಯ ಸೈಕಲ್ಲಿನಲ್ಲಿ ಒಂಬತ್ತು ದಿನ, ಹೊಸದರಲ್ಲಿ ಹತ್ತು ದಿನ. ಕೂಡಿಸಿ ಭಾಗಿಸಿ, ಸುಮಂಗಲಾನ ಕೈಯಲ್ಲಿ ಇನ್ನೊಮ್ಮೆ ಭಾಗಿಸಿ ನೋಡಿದೆ. ಹಳೆಯದು ಮೂವತ್ತಾರೂ ಮುಕ್ಕಾಲು ನಿಮಿಷ. ಹೊಸದು ಮೂವತ್ತಾರೂ ಕಾಲು. ಹತ್ತು ಕಿಲೋ ತೆಗೆದುಹಾಕಿದ್ದಕ್ಕೆ ಸಿಕ್ಕಿದ್ದು ಅರ್ಧ ನಿಮಿಷ! ಇದು ಯಾವ ನ್ಯಾಯ? ಆ ಹತ್ತು ಕಿಲೋ ಎಲ್ಲಿ ಹೋಯಿತು? ದಾರಿಯಲ್ಲಿ ಯಾರಾದರೂ ಹತ್ತಿಕೊಳ್ಳುತ್ತಾರಾ?

ಮೊದಲು ನಮ್ಮ ಗೋಡೆ ಗಡಿಯಾರದ ಮೇಲೆ ಅನುಮಾನ ಬಂತು. ನೋಡಿದರೆ ಅದು ಆಫೀಸಿನ ಮಷೀನಿಗಿಂತ ಕಾಲು ನಿಮಿಷ ಮುಂದಿದೆ. ಸರಿಮಾಡಿದೆ. ಆಮೇಲೆ ಹೊಳೆಯಿತು, ಮುಂದಿದ್ದರೆ ಎರಡೂ ಸೈಕಲ್ಲಿಗೆ ಮುಂದಿತ್ತು, ವ್ಯತ್ಯಾಸಕ್ಕೂ ಅದಕ್ಕೂ ಏನು ಸಂಬಂಧ? ಆಮೇಲೆ ಗಾಳಿಯನ್ನು ಬೈದೆ. ಬೋನಾಳ ಕೆರೆಯ ಕಡೆಯಿಂದ ಹಕ್ಕಿಗಳು ಸಾಲು ಹಿಡಿದು ನಮ್ಮ ತಲೆಯ ಮೇಲೆ ಬರುತ್ತವಲ್ಲ, ಅವು ತೇಲಿಕೊಂಡು ಬಂದ ದಿನ ಇವಳಿಗೆ ಗಾಳಿ ಎದುರು ಅಂತ ಗುರುತು ಹಾಕಿದೆ. ಎದುರಿದ್ದ ದಿನ ಒಂದು ನಿಮಿಷ ಹೆಚ್ಚು, ಅದೂ ಎರಡೂ ಸೈಕಲ್ಲಿಗೆ. ಮತ್ತೆ ಅಲ್ಲಿಗೇ ಬಂದೆ.

ಈ ನಡುವೆ ಹನ್ನೊಂದನೆಯ ಸಲ ಕೂಗಿತು. ಈ ಸಲ ತಡದ ಕಾರಣ ಬರೆದು ಕೊಡಲು ಹೇಳಿದರು. ಅವಳ ಮೇಲಿನ ಅಧಿಕಾರಿ ಲಕ್ಷ್ಮಿಕಾಂತ ಅಂತ, ಮೈಸೂರು ಕಡೆಯವರು, ಕೆಟ್ಟ ಮನುಷ್ಯನಲ್ಲ. ಇವಳು ‘ಹಗೂರ ಬಂದ ಕಾರಣ ತಡವಾಯಿತು’ ಅಂತ ಬರೆದು ಕೊಟ್ಟಿದ್ದಾಳೆ. ಅವರು ಕನ್ನಡಕ ಏರಿಸಿ ಓದಿ, “ಏನಮ್ಮಾ ಇದು? ಹಗುರವಾಗಿ ಬಂದರೆ ಬೇಗ ಬರಬೇಕಲ್ಲವಾ?” ಅಂದರಂತೆ.

“ಸರ, ನಮ್ಮ ಕಡಿ ಹಗೂರ ಅಂದ್ರ ನಿಧಾನ ಅಂತ್ರಿ.”

“ಹಾಗಾದರೆ ತೂಕ ಕಡಿಮೆ ಇರೋದಕ್ಕೆ ಏನಂತೀರಿ?”

“ಅದಕ್ಕೂ ಹಗೂರ ಅಂತೇವ್ರಿ.”

“ಎರಡಕ್ಕೂ ಒಂದೇನಾ? ನಿಧಾನ ಅಂತಲೇ ಬರೆಯೋಕೆ ಏನಾಗಿತ್ತು?”

“ಅವಸರದಾಗ ಬರದೆ, ಸರ.”

ಇಡೀ ಆಫೀಸು ನಕ್ಕಿತಂತೆ. ಇವಳೂ ನಗುನಗುತ್ತಲೇ ಬಂದು ಹೇಳಿದಳು. ನಾನೂ ನಕ್ಕೆ. ನಗು ನಿಂತ ಮೇಲೆ ಯಾಕೋ ಒಳಗೆ ಒಂದು ಮುಳ್ಳು ಆಡಿದಂತಾಯಿತು. ನೀನು ಮೂರು ಸಲ ಓದಿದ ಶಬ್ದ ಇದೇನಾ, ಬುದ್ಧಪ್ರಿಯ?

ನನಗೆ ಏನೂ ತಿಳಿಯದಾಗಿದೆ. ಇನ್ನು ನಾಲ್ಕು ಸಲ ಕೂಗಿದರೆ ಇವಳ ಕೆಲಸ ಹೋಯಿತು. ಖಾಜಾಹುಸೇನ ಸಾಹೇಬರು ನಲವತ್ತು ವರ್ಷ ಸೈಕಲ್ ಬಿಚ್ಚಿ ಜೋಡಿಸಿದವರು, ಅವರನ್ನು ಕೇಳಿ ಬರೆ. ಹಗೂರ ಸೈಕಲ್ ಯಾಕೆ ಜಲ್ದಿ ಹೋಗುತ್ತಿಲ್ಲ?

ಆಯಿ,
ಬಾಲಮ್ಮ


ಯಾದಗಿರಿ
೨೬ ಫೆಬ್ರವರಿ ೨೦೨೫

ಆಯಿಗೆ ಜೈಭೀಮ.

ಸಾಹೇಬರಿಗೆ ನಿನ್ನ ಕಾಗದ ಓದಿ ಹೇಳಿದೆ. ‘ಯಾದಗಿರಿಯಾಗ ಇಷ್ಟು ಲೆಕ್ಕ ಇಡೋ ಗಿರಾಕಿ ಒಬ್ಬರೂ ಇಲ್ಲ, ನಿಮ್ಮ ಆಯಿಗೆ ಸಲಾಂ ಬರಿ’ ಅಂದರು. ಆಮೇಲೆ ಹೇಳಿದ್ದು: “ಬೇಟಾ, ತೂಕ ಅನ್ನೋದು ಚಢಾವಿನ್ಯಾಗ ಕಾಣ್ತದ, ಸಪಾಟಿನ್ಯಾಗ ಕಾಣಂಗಿಲ್ಲ. ಸಪಾಟಿನ್ಯಾಗ ಗಾಳೀನ ಮಾಲಕ.” ಕಾಲುವೆ ದಂಡೆ ಸಪಾಟು, ಏರೇ ಇಲ್ಲ.

ಇನ್ನೊಂದು ಲೆಕ್ಕ. ನೀನು ಸೈಕಲ್ ಒಂದನ್ನೇ ತೂಗಿದ್ದೀಯ. ಪಂಚಶೀಲಾ ಐವತ್ತು ಕಿಲೋ ಇರಬಹುದು, ಚೀಲ, ಬುತ್ತಿ, ನೀರಿನ ಬಾಟಲಿ ಮೂರು ಕಿಲೋ. ಹಳೆಯದರ ಜೊತೆ ಎಲ್ಲ ಸೇರಿ ಎಪ್ಪತ್ತಾರು, ಹೊಸದರ ಜೊತೆ ಅರವತ್ತಾರು. ಕಾಲು ಎಳೆಯುವುದು ಒಟ್ಟು ಭಾರವನ್ನು. ಅದರಲ್ಲಿ ಹತ್ತು ಕಡಿಮೆಯಾದದ್ದು ನೀನು ತಿಳಿದಷ್ಟು ದೊಡ್ಡದಲ್ಲ. ಹಾಗಾಗಿ ಅರ್ಧ ನಿಮಿಷ ಸರಿಯೇ ಇದೆ.

ಸರಿ ಇಲ್ಲದ್ದು ಬೇರೆ. ಏಳು ಕಿಲೋಮೀಟರಿಗೆ ಮೂವತ್ತಾರು ನಿಮಿಷ ಹೆಚ್ಚಾಯಿತು, ಮೂವತ್ತೊಂದು ಸಾಕು. ಗಾಲಿಗೆ ಹವಾ ಬಿಗಿಯಾಗಿ ಇಡಲು ಹೇಳು. ಇದ್ದರೂ ಐದು ನಿಮಿಷ ಎಲ್ಲೋ ಹೋಗುತ್ತಿದೆ.

ನೀರು ಕೆಳಗೆ ಧುಮುಕುವ ಆ ಡ್ರಾಪಿನ ಹತ್ತಿರ ದಾರಿ ಈಗ ಹೇಗಿದೆ?

ಸುಮ್ಮನೆ ಕೇಳಿದೆ.

ಬುದ್ಧಪ್ರಿಯ


ಭೀಮರಾಯನಗುಡಿ
೫ ಮಾರ್ಚ್ ೨೦೨೫

ಅಣ್ಣನಿಗೆ ಪಂಚಶೀಲಾಳ ಜೈಭೀಮ.

ನೀನು ಆಯಿಗೆ ಬರೆದ ಕಾಗದ ಓದಿದೆ. ಆಯಿ ಅದನ್ನು ರಿಜಿಸ್ಟರಿಗೆ ಅಂಟಿಸಿದ್ದಾಳೆ. ಆಫೀಸಿನಲ್ಲಿ ಊಟದ ಹೊತ್ತಿಗೆ ಕುಳಿತು ಇದನ್ನು ಬರೆಯುತ್ತಿದ್ದೇನೆ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ಆ ಐದು ನಿಮಿಷ ಎಲ್ಲಿ ಹೋಗುತ್ತದೆ ಅಂತ ನನಗೆ ಗೊತ್ತು. ಡ್ರಾಪಿನಲ್ಲಿ ಹೋಗುತ್ತದೆ.

ಬೆಳಿಗ್ಗೆ ಹೊರಡುವಾಗ ಆಯಿ ಸೈಕಲ್ಲಿನ ಮೇಲೆ ಕೈ ಇಟ್ಟು “ಹಗೂರ ಹೋಗವ್ವ” ಅನ್ನುತ್ತಾಳೆ. ಒಂದು ದಿನವೂ ತಪ್ಪಿಲ್ಲ. ತೂಬಿನ ಹತ್ತಿರ ಬಂದ ಕೂಡಲೇ ನೀರು ಧುಮುಕುವ ಸದ್ದು ಕೇಳುತ್ತದೆ. ನನ್ನ ಕಾಲು ತಾನಾಗಿಯೇ ನೆಲಕ್ಕೆ ಬರುತ್ತದೆ. ಅಲ್ಲಿಂದ ಡ್ರಾಪ್ ದಾಟಿ ಜಾಲಿಗಿಡದವರೆಗೆ ಅರ್ಧ ಕಿಲೋಮೀಟರ್ ಸೈಕಲ್ ಹಿಡಿದುಕೊಂಡು ನಡೆಯುತ್ತೇನೆ. ಹಳೆಯದಾದರೂ ಅಷ್ಟೇ, ನೀನು ಕಳಿಸಿದ್ದಾದರೂ ಅಷ್ಟೇ. ನಡೆಯುವವಳಿಗೆ ಎರಡೂ ಒಂದೇ.

ದಾರಿ ಹೇಗಿದೆ ಅಂತ ಕೇಳಿದ್ದೀಯ. ಚೆನ್ನಾಗಿದೆ. ಸಿಮೆಂಟ್ ಹಾಕಿ ಕಟ್ಟೆ ಎತ್ತರಿಸಿದ್ದಾರೆ. ಹೆದರಿಕೆ ದಾರಿಯಲ್ಲಿ ಇಲ್ಲ.

ಆಯಿ ಗಡಿಯಾರ, ಗಾಳಿ, ಹಕ್ಕಿ ಎಲ್ಲವನ್ನೂ ಅನುಮಾನಿಸುತ್ತಿದ್ದಾಳೆ, ನನ್ನೊಬ್ಬಳನ್ನು ಬಿಟ್ಟು. ನಿಜ ಹೇಳಿದರೆ ಅವ್ವನ ಮುಂದೆ ನೀವಿಬ್ಬರೂ ಡ್ರಾಪಿನಲ್ಲಿ ಬಿದ್ದ ಆ ದಿನದ ಮಾತು ಬರುತ್ತದೆ. ಅದಕ್ಕೆ ಸುಮ್ಮನಿದ್ದೇನೆ. ನಿನ್ನೆಗೆ ಹದಿಮೂರು ಸಲ ಕೂಗಿತು.

ಅಣ್ಣಾ, ಆಗ ನನಗೆ ಹದಿನಾಲ್ಕು ವರ್ಷ, ಯಾರೂ ಏನೂ ಹೇಳಲಿಲ್ಲ. ಅವ್ವನನ್ನು ಹಿಂದೆ ಕೂರಿಸಿಕೊಂಡು ನೀನು ಯಾಕೆ ಸೈಕಲ್ ಅಷ್ಟು ಜೋರಾಗಿ ಹೊಡೆದೆ?

ನಿನ್ನ ತಂಗಿ,
ಪಂಚಶೀಲಾ


ಕಾಲುವೆ ಕ್ಯಾಂಪ್
೨೦ ಮಾರ್ಚ್ ೨೦೨೫

ಚಿರಂಜೀವಿ ಬುದ್ಧಪ್ರಿಯನಿಗೆ ಆಯಿಯ ಜೈಭೀಮ.

ಖಾಜಾಹುಸೇನ ಸಾಹೇಬರು, ಇಮಾಮಬೀ ರೋಜಾ ಉಪವಾಸ ಇದ್ದಾರಾ? ಈ ಬಿಸಿಲಿನಲ್ಲಿ ಅಂಗಡಿಯ ಭಾರದ ಕೆಲಸವನ್ನು ನೀನೇ ಮಾಡು, ಅವರನ್ನು ನೆರಳಿನಲ್ಲಿ ಕೂರಿಸು.

ಇದು ಉದ್ದದ ಕಾಗದ. ಕುಳಿತು ಓದು.

ನೀನು ‘ಸುಮ್ಮನೆ ಕೇಳಿದೆ’ ಅಂತ ಬರೆದದ್ದು ಸುಮ್ಮನೆ ಅಲ್ಲ ಅಂತ ನನಗೆ ಅನ್ನಿಸುತ್ತಲೇ ಇತ್ತು. ಕಾಲುವೆಯಲ್ಲಿ ನೀರು ಸೋರಿದರೆ ಮೇಲಿನ ಗೇಜು, ಕೆಳಗಿನ ಗೇಜು ಎರಡೇ ನೋಡಿದರೆ ಸಾಲದು, ನಡುವೆ ಹೋಗಿ ನಿಲ್ಲಬೇಕು. ಮೊನ್ನೆ ಸೋಮವಾರ ನಸುಕಿನಲ್ಲೇ ಎದ್ದು ಗೋಡೆ ಗಡಿಯಾರವನ್ನು ಬಿಚ್ಚಿ, ಸೆರಗಿನಲ್ಲಿ ಸುತ್ತಿಕೊಂಡು ದಂಡೆ ಹಿಡಿದು ಹೊರಟೆ. ದಾರಿಯಲ್ಲಿ ಆಡು ಹೊಡೆದುಕೊಂಡು ಬಂದ ತಿಮ್ಮವ್ವ ನೋಡಿ, “ಏನಬೇ ಬಾಲಮ್ಮ, ಗಡಿಯಾರ ಮಾರಾಕ ಹೊಂಟಿಯೇನು?” ಅಂದಳು.

“ಹೌದ. ಮನ್ಯಾಗ ಟೈಮ್ ಭಾಳ ಉಳದದ, ನಿನಗೊಂದ ತಾಸು ಕೊಡಲೇನು?” ಅಂದೆ.

ತೂಬಿನ ಕಲ್ಲಿನ ಮೇಲೆ ಕುಳಿತೆ. ಪಂಚಶೀಲಾ ಹೊಸ ಸೈಕಲ್ಲಿನಲ್ಲಿ ಗಾಳಿಯ ಹಾಗೆ ಬಂದಳು. ನನ್ನನ್ನು ನೋಡಲಿಲ್ಲ. ತೂಬಿಗೆ ಹತ್ತು ಮಾರು ಇದ್ದಂತೆ ಇಳಿದಳು. ಸೈಕಲ್ ಹಿಡಿದುಕೊಂಡು, ಕಣ್ಣು ನೆಲಕ್ಕಿಟ್ಟು, ಜಾತ್ರೆಯಲ್ಲಿ ಕಳೆದುಹೋದ ಮಗುವಿನ ಹಾಗೆ ನಡೆದು ಬಂದಳು. ನನ್ನ ಕೈಯಲ್ಲಿ ಗಡಿಯಾರ ಇತ್ತು, ನೋಡುವುದು ಮರೆತೆ.

“ಯಾಕವ್ವ ಇಳದಿ? ಪಂಚರ್ ಆತೇನು?”

ಅವಳು ಬೆಚ್ಚಿಬಿದ್ದು ನನ್ನ ಮುಖ ನೋಡಿದಳು. “ನೀನ ಹೇಳಿಯಲ್ಲ ಆಯಿ, ಹಗೂರ ಹೋಗು ಅಂತ.”

“ನಾ ಎಲ್ಲಾರಿಗೂ ಹೇಳ್ತೀನಿ. ಹೋಗೋರಿಗಿ ಅನ್ನೋ ಮಾತಲ್ಲೇನು ಅದು?”

“ನೀ ಎಲ್ಲಾರಿಗೂ ಹೇಳ್ತಿ. ಆದ್ರ ನನಗ ಹೇಳೂವಾಗ ನಿನ್ನ ಕೈ ನಡಗ್ತದ.”

ಇಬ್ಬರೂ ನಿಂತೆವು. ಅವಳು ಅತ್ತಳು, ನಾನು ಕಣ್ಣೊರೆಸಿದೆ, ಅಷ್ಟರಲ್ಲಿ ಹೊತ್ತು ಹೋಗಿ ಹದಿನಾಲ್ಕನೆಯ ಸಲ ಕೂಗಿಸಿಕೊಂಡಳು. ತಡದ ಕಾರಣ ಹುಡುಕಲು ಹೋದವಳೇ ತಡಕ್ಕೆ ಕಾರಣಳಾದೆ. ಇನ್ನು ಉಳಿದದ್ದು ಒಂದೇ.

ಮನೆಗೆ ಬಂದು ಸುಮಂಗಲಾನ ಮುಂದೆ ಎಲ್ಲ ಹೇಳಿದೆ. ಅವಳು ಒಂದು ರವಿಕೆಗೆ ತೋಳು ಹಚ್ಚುತ್ತಿದ್ದಳು. ಮಷೀನ್ ನಿಂತಿತು. ದಾರ ಕಡಿದು ರವಿಕೆಯನ್ನು ಪಕ್ಕಕ್ಕಿಟ್ಟಳು. ಆಮೇಲೆ ಅಂದಳು:

“ಯವ್ವಾ, ಅವತ್ತು ಜಲ್ದಿ ಹೊಡಿ ಅಂದಾಕಿ ನಾನ.”

“ಏನಂದಿ?”

“ಸುರಪುರಕ್ಕ ಅಂಗನವಾಡಿ ಕೆಲಸದ್ದು ಕಾಗದ ಕೊಡೂದಿತ್ತು, ಬಸ್ ತಪ್ತದ ಅಂತ ನಾನ ಅವಸರ ಮಾಡಿದೆ. ಅವ ‘ಬ್ಯಾಡ ಅವ್ವ, ಇಲ್ಲಿ ಹಗೂರ ಹೋಗಬೇಕು’ ಅಂದ. ನಾನ ಅವನ ಬೆನ್ನಿಗಿ ಗುದ್ದಿ ‘ಹೊಡಿಯೋ ಜಲ್ದಿ’ ಅಂದೆ.”

“ಒಂಬತ್ತ ವರ್ಷ ಯಾಕ ಹೇಳಲಿಲ್ಲ?”

“ಯಾರ ಕೇಳಿದ್ರು?”

ಬುದ್ಧಪ್ರಿಯ, ಯಾರೂ ಕೇಳಲಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ನಿನ್ನ ಅಂಗಿಯ ತುಂಬ ಅವಳ ರಕ್ತ ಇತ್ತು. ನಿನಗೆ ಪೆಟ್ಟಾಗಿದೆಯಾ ಅಂತ ಕೂಡ ಕೇಳದೆ ನಾನು ಅಂದೆ, “ಹಗೂರ ಹೋಗಿದ್ರ ನಿನ್ನ ಗಂಟೇನ ಹೋಗ್ತಿತ್ತೋ?” ನೀನು ತಲೆ ತಗ್ಗಿಸಿದೆ. ಅವ್ವನೇ ಹೊಡಿ ಅಂದಳು ಅಂತ ಒಂದು ಮಾತು ಹೇಳಲಿಲ್ಲ. ಹದಿನೆಂಟು ವರ್ಷದ ಹುಡುಗ, ಅವ್ವನ ಮಾತು ಬಚ್ಚಿಟ್ಟುಕೊಂಡು ಯಾದಗಿರಿಗೆ ಹೋದೆ.

ಆಮೇಲೆ ನಾನು ಅದೇ ಶಬ್ದ ಹಾಕಿ ನಿನಗೇ ಕಾಗದ ಬರೆದೆ, ಹಗೂರ ಸೈಕಲ್ ಕಳಿಸು ಅಂತ. ನಾನು ತೂಕ ಅಂದುಕೊಂಡು ಬರೆದೆ, ನಿನ್ನ ತಾತನ ಆಣೆ. ನೀನು ಮೂರು ಸಲ ಓದಿದ್ದು ಯಾಕೆ ಅಂತ ಈಗ ತಿಳಿಯಿತು. ಕುಟುಕಿದೆ ಅಂದುಕೊಂಡೆಯೇನೋ. ಆದರೂ ಸೈಕಲ್ ಜೋಡಿಸಿ ಕಳಿಸಿದೆ, ಯಾರೂ ಹಿಂದೆ ಕೂರದಂತೆ. ತಿಳಿಯದೆ ಬರೆದದ್ದಕ್ಕೆ ಆಯಿ ತಪ್ಪಾಯಿತು ಅನ್ನುತ್ತಾಳೆ. ಆಸ್ಪತ್ರೆಯ ಬಾಗಿಲಲ್ಲಿ ತಿಳಿದೇ ಅಂದದ್ದಕ್ಕೆ ಏನು ಅನ್ನಬೇಕೋ ನನಗೆ ತಿಳಿಯದು. ನಾನು ಕಲಿತ ಅಕ್ಷರಗಳಲ್ಲಿ ಅದು ಇಲ್ಲ.

ಮಂಗಳವಾರ ಸುಮಂಗಲಾ ಕೋಲು ಹಿಡಿದು ಬಾಗಿಲಿಗೆ ಬಂದಳು. ನಾನು ಬಾಯಿಗೆ ಸೆರಗು ಹಿಡಿದು ನಿಂತೆ, ಅಭ್ಯಾಸದ ಮಾತು ಎಲ್ಲಿ ಜಾರುತ್ತದೋ ಅಂತ. ಸುಮಂಗಲಾ ಮಗಳಿಗೆ ಅಂದಳು, “ದಾರಿ ಚಂದ ಅದ. ಹೊಡಕೊಂಡು ಹೋಗು. ಡ್ರಾಪಿನ್ಯಾಗ ಇಳಿಬ್ಯಾಡ. ನನ್ನ ಕಾಲಿನ ಸಲುವಾಗಿ ನೀ ನಡೀಬ್ಯಾಡ.”

ತಾರೀಖು ಹದಿನೆಂಟು, ಸರಿಸಂಖ್ಯೆ. ಹಳೆಯ ಸೈಕಲ್ಲಿನ ಪಾಳಿ. ಮಷೀನಿನ ಟೈಮ್ ಒಂಬತ್ತು ಇಪ್ಪತ್ನಾಲ್ಕು. ಮೂವತ್ತೊಂದು ನಿಮಿಷ! ಆ ಕಬ್ಬಿಣದ ಕೋಣದ ಮೇಲೆ! ನಿನ್ನೆ ನಿನ್ನ ಆಕಾಶದ ಬಣ್ಣದ್ದರ ಮೇಲೆ ಮೂವತ್ತೂವರೆ. ಮತ್ತೆ ಅದೇ ಅರ್ಧ ನಿಮಿಷ. ಖಾಜಾಹುಸೇನ ಸಾಹೇಬರಿಗೆ ನನ್ನ ಸಲಾಂ ಹೇಳು, ಅವರ ಮಾತು ಸುಳ್ಳಾಗಲಿಲ್ಲ.

ಆಯಿ,
ಬಾಲಮ್ಮ


ಯಾದಗಿರಿ
೨೮ ಮಾರ್ಚ್ ೨೦೨೫

ಆಯಿ,

ಕಾಗದ ಮುಟ್ಟಿತು.

ಅವ್ವ ಹೆಂಗದಾಳ?

ಬುದ್ಧಪ್ರಿಯ


ಕಾಲುವೆ ಕ್ಯಾಂಪ್
೪ ಏಪ್ರಿಲ್ ೨೦೨೫

ಚಿರಂಜೀವಿ ಬುದ್ಧಪ್ರಿಯನಿಗೆ ಆಯಿಯ ಜೈಭೀಮ.

ಖಾಜಾಹುಸೇನ ಸಾಹೇಬರಿಗೂ ಇಮಾಮಬೀಗೂ ಕಳೆದ ರಮಜಾನ್ ಹಬ್ಬದ ಸಲಾಂ. ನಿನಗೆ ಸುರಕುಂಬಾ ಪಾಯಸ ಎಷ್ಟು ಬಟ್ಟಲು ಆಯಿತು?

ಮೊದಲು ಸುದ್ದಿ. ಮೂವತ್ತೊಂದಕ್ಕೆ ಲೆಕ್ಕ ಮುಗಿಯಿತು, ಹದಿನಾಲ್ಕಕ್ಕೇ ನಿಂತಿತು. ನಿನ್ನೆ ಪಂಚಶೀಲಾನ ಕೈಗೆ ಒಂದು ವರ್ಷದ ಆರ್ಡರ್ ಬಂದಿದೆ. ಲಕ್ಷ್ಮಿಕಾಂತ ಸಾಹೇಬರು ಕೊಡುವಾಗ “ಇನ್ನು ಮೇಲೆ ಹಗೂರ ಬರಬೇಡಮ್ಮಾ” ಅಂದರಂತೆ. ನಮ್ಮ ಶಬ್ದ ಅವರೂ ಕಲಿತರು.

ನಿನ್ನ ಕಾರ್ಡಿಗೆ ನಾನು ಉತ್ತರ ಬರೆಯಬೇಕು ಅಂತ ಮೂರು ದಿನ ಪೆನ್ನು ಹಿಡಿದು ಕ್ಯಾಪ್ ಹಾಕಿದೆ. ನನ್ನನ್ನು ಕೇಳಿದ ಪ್ರಶ್ನೆಯಲ್ಲ ಅದು. ಕಡೆಗೆ ಸುಮಂಗಲಾನ ಕೈಗೇ ಕೊಟ್ಟೆ. ಅವಳು ಓದಿದಳು. ಇರುವುದು ಎರಡು ಸಾಲು, ಎಷ್ಟು ಹೊತ್ತು ಓದಿದಳು ಅಂತ ನಾನು ಗಡಿಯಾರ ನೋಡಲಿಲ್ಲ. ಆಮೇಲೆ ಹೊರಗೆ ಹೋಗಿ ನಿನ್ನ ಸೈಕಲ್ಲಿನ ಹಿಂದಿನ ಗಾಲಿಯ ಹತ್ತಿರ ನಿಂತು, ಕೊರಳಲ್ಲಿದ್ದ ಟೇಪು ತೆಗೆದು ಆ ಖಾಲಿ ಜಾಗವನ್ನು ಅಳೆದಳು.

“ಏನ ಮಾಡಾಕತ್ತಿ?” ಅಂದೆ.

“ಅಳತಿ ತಗೊಳ್ಳಾಕತ್ತೀನಿ. ಬರಿ ಅವಗ. ಉದ್ದ ಹದಿನಾರು ಇಂಚು, ಅಗಲ ಆರು. ಗಟ್ಟಿ ಕ್ಯಾರಿಯರ್ ತರಲಿ. ಮ್ಯಾಲ ಹಾಕಾಕ ಮೆತ್ತಂದು ನಾ ಹೊಲಿದಿಡ್ತೀನಿ.”

“ತೂಕ ಬರ್ತದಲ್ಲ?”

“ಬರಲಿ. ನಾನೇನು ಹಗೂರ ಅದೀನೇನು?”

ಒಂಬತ್ತು ವರ್ಷವಾದ ಮೇಲೆ ಅವಳ ನಗು ಕೇಳಿದೆ, ನನ್ನ ಈ ಕೆಟ್ಟ ಕಿವಿಯಿಂದಲೂ ಕೇಳಿದೆ.

ಏಪ್ರಿಲ್ ಹದಿನಾಲ್ಕಕ್ಕೆ ಭೀಮ ಜಯಂತಿ. ಭೀಮರಾಯನಗುಡಿಯಲ್ಲಿ ಮೆರವಣಿಗೆ ಇದೆ, ಸುಮಂಗಲಾ ನೋಡಬೇಕು ಅನ್ನುತ್ತಾಳೆ. ಆಟೋ ಬೇಡವಂತೆ. ಕಾಲುವೆಗೆ ನೀರು ನಿಲ್ಲಿಸಿದ್ದಾರೆ, ಡ್ರಾಪಿನಲ್ಲಿ ಈಗ ಸದ್ದಿಲ್ಲ, ಬರೀ ಕಲ್ಲು ಕಾಣುತ್ತವೆ. ನೀನು ಸೈಕಲ್ ಹಿಡಿ, ಅವಳು ಹಿಂದೆ ಕೂರುತ್ತಾಳೆ. ಡ್ರಾಪಿನಲ್ಲಿ ಹೇಗೆ ಹೋಗಬೇಕು ಅಂತ ನೀವಿಬ್ಬರೇ ಮಾತಾಡಿಕೊಳ್ಳಿ, ನಾನು ಬಾಯಿ ಹಾಕುವುದಿಲ್ಲ. ಆ ದಿನ ರಿಜಿಸ್ಟರನ್ನೂ ಬರೆಯುವುದಿಲ್ಲ.

ಬರುವುದಾದರೆ ಹಿಂದಿನ ದಿನವೇ ಬಾ, ಸುರಪುರ ಬಸ್ಸಿಗೆ ಪಂಚಶೀಲಾ ಎದುರು ಬರುತ್ತಾಳೆ. ಯಾವ ಬಸ್ಸು ಅಂತ ಒಂದು ಸಾಲು ಬರೆ. ಸೈಕಲ್ ಹಗೂರ ಇರಲಿ, ಭಾರ ಇರಲಿ. ಉತ್ತರ ಮಾತ್ರ ಹಗೂರ ಬೇಡ, ಜಲ್ದಿ ಬರೆ.

ನಿನ್ನ ಆಯಿ,
ಬಾಲಮ್ಮ